ನೋಡಿ ಟೈಪ್ ಮಾಡಿ ಕಳೆದ ಆರು ತಿಂಗಳು: ಕೋಡಿಂಗ್ ತರಗತಿಗೆ ಶುಲ್ಕ ಕಟ್ಟುವ ಮುನ್ನ

ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಮಂಡ್ಯದಿಂದ ದಿನವೂ ರೈಲಿನಲ್ಲಿ ಮೈಸೂರಿಗೆ ಹೋಗಿ, ಅಲ್ಲಿನ ಒಂದು ತರಬೇತಿ ಕೇಂದ್ರದಲ್ಲಿ ಆರು ತಿಂಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತೆ; ಕಲಿತೆನೆಂದು ನಂಬಿದ್ದೆ ಎನ್ನುವುದೇ ಹೆಚ್ಚು ಸರಿ. ಶುಲ್ಕದ 32,000 ರೂಪಾಯಿ ಅಮ್ಮ ಡೇರಿಗೆ ಹಾಲು ಹಾಕಿ ಕೂಡಿಟ್ಟ ಹಣ. ಅದೇ ದಾರಿಯಲ್ಲಿರುವವರಿಗೆ ನನ್ನ ಸ್ಥಿತಿ ಬಾರದಿರಲೆಂದು ಇದನ್ನು ಬರೆಯುತ್ತಿದ್ದೇನೆ.

ತರಗತಿಯಲ್ಲಿ ಪರದೆಯ ಮೇಲೆ ವಿಡಿಯೊ ಓಡುತ್ತಿತ್ತು, ಅದರಲ್ಲಿ ಬಂದ ಸಾಲುಗಳನ್ನು ನಾವು ಅಲ್ಪವಿರಾಮವೂ ತಪ್ಪದಂತೆ ಟೈಪ್ ಮಾಡುತ್ತಿದ್ದೆವು. ಎಲ್ಲಿಯಾದರೂ ಎರರ್ ಬಂದರೆ ಬೋಧಕರು ತಾವೇ ಕೀಬೋರ್ಡ್ ಎಳೆದುಕೊಂಡು ಕ್ಷಣದಲ್ಲಿ ಸರಿಪಡಿಸಿ ಮುಂದಿನವರ ಬಳಿಗೆ ಹೋಗುತ್ತಿದ್ದರು, ಮತ್ತು ನಾನು ಅದನ್ನು ಉಪಕಾರವೆಂದೇ ತಿಳಿದಿದ್ದೆ. ಕೊನೆಯಲ್ಲಿ ನಮ್ಮೆಲ್ಲರ ಪ್ರಾಜೆಕ್ಟ್ ಕೂಡ ಒಂದೇ ಆಗಿತ್ತು. ಮೊದಲ ಪುಟದ ಹೆಸರಷ್ಟೇ ಬೇರೆ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯ ಸಂದರ್ಶನದಲ್ಲಿ ಖಾಲಿ ಫೈಲ್ ತೆರೆದುಕೊಟ್ಟು, ಹತ್ತು ಸಂಖ್ಯೆಗಳಲ್ಲಿ ಎರಡನೆಯ ಅತಿ ದೊಡ್ಡದನ್ನು ಹುಡುಕುವಂತೆ ಬರೆಯಲು ಹೇಳಿದರು. ಮೊದಲ ಸಾಲೇ ಹೊಳೆಯಲಿಲ್ಲ. ತರಬೇತಿ ಕೇಂದ್ರಕ್ಕೆ ಹೋಗಿ ಕೇಳಿದಾಗ ಶುಲ್ಕ ಹಿಂದಿರುಗಿಸುವುದಿಲ್ಲವೆಂಬ ರಸೀದಿಯ ಹಿಂಬದಿಯ ಸಾಲನ್ನು ತೋರಿಸಿದರು.

ಆದ್ದರಿಂದ ಡೆಮೊ ತರಗತಿಯೊಂದನ್ನೇ ನೋಡಿ ಸೇರಬೇಡಿ (ಡೆಮೊ ಎಲ್ಲ ಕಡೆಯೂ ಚೆನ್ನಾಗಿಯೇ ಇರುತ್ತದೆ). ಮೂರನೆಯ ತಿಂಗಳಿನ ತರಗತಿಯಲ್ಲಿ ಒಂದು ಗಂಟೆ ಕೂರಲು ಅವಕಾಶ ಕೇಳಿ, ಎರರ್ ಬಂದಾಗ ಕೀಬೋರ್ಡ್ ಯಾರ ಕೈಯಲ್ಲಿದೆ ಎಂಬುದನ್ನು ಗಮನಿಸಿ. ಕೂರಲು ಬಿಡದಿದ್ದರೆ ಅಲ್ಲಿಂದ ಎದ್ದುಬನ್ನಿ.

ನಾನು ನಿಜವಾಗಿ ಕಲಿಯಲು ಆರಂಭಿಸಿದ್ದು ಮನೆಯಲ್ಲಿ, ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆಯ ಲೀಟರ್ ಲೆಕ್ಕ ಬರೆಯಲು ಕೂತಾಗ. ಬೆಳಗಿನ 4.5 ಲೀಟರಿಗೆ ಸಂಜೆಯ 3.5 ಕೂಡಿಸಿದರೆ 8 ಬರುವ ಬದಲು 4.53.5 ಎಂದು ಬಂತು. ಪೈಥಾನ್‌ನ ಇನ್‌ಪುಟ್ ನಾವು ಒತ್ತಿದ್ದನ್ನು ಸಂಖ್ಯೆಯಾಗಿ ಅಲ್ಲ, ಬರೀ ಅಕ್ಷರಗಳಾಗಿ ಕೊಡುತ್ತದೆ ಎಂಬುದು, ಆರು ತಿಂಗಳು ಅದೇ ಪದವನ್ನು ಟೈಪ್ ಮಾಡಿದ್ದರೂ, ತಿಳಿದದ್ದು ಅಂದು. ಅಕ್ಷರಗಳನ್ನು ಪೂರ್ಣ ಸಂಖ್ಯೆಯಾಗಿಸುವ ಇಂಟ್ ಹಾಕಿದೆ, ದಶಮಾಂಶವನ್ನು ಅದು ಒಪ್ಪಲಿಲ್ಲ. ದಶಮಾಂಶ ಸಂಖ್ಯೆಯಾಗಿಸುವ ಫ್ಲೋಟ್ ಹಾಕಿದ ಮೇಲೆ ಕೂಡಿತು. ಅಷ್ಟಾಗುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು.

ಮರುದಿನ ಅಮ್ಮ ಡೇರಿಯ ಪುಸ್ತಕದ ಮೇಲೆ ಬೆರಳಿಟ್ಟು, "ಹದಿನೈದನೇ ದಿನದ ಹಾಲು ಎಲ್ಲಿಗೆ ಹೋಯ್ತು ಮಗ?" ಎಂದು ಕೇಳಿದರು. ದಿನಗಳನ್ನು ಎಣಿಸಲು ಬಳಸಿದ್ದ ರೇಂಜ್‌ಗೆ 1 ಮತ್ತು 15 ಎಂದು ಕೊಟ್ಟರೆ ಎಣಿಕೆ 14ಕ್ಕೇ ನಿಲ್ಲುತ್ತದೆ. ಅದನ್ನು 16 ಎಂದು ತಿದ್ದಿ ಮತ್ತೆ ಓಡಿಸಿದಾಗ, ಡೇರಿಯ ಲೆಕ್ಕಕ್ಕೂ ನಮ್ಮದಕ್ಕೂ ತಾಳೆಯಾಯಿತು.