ವಿಜಯಾ ಎಣ್ಣೆ, 22 ತಿಂಗಳು: ನೋವಿಗೆ ಐದು ಅಂಕ, ನಿದ್ದೆಗೆ ಒಂಬತ್ತು

ಮೊದಲೇ ಹೇಳಿಬಿಡುತ್ತೇನೆ, ಇದು ಗಾಂಜಾ ಸೇದುವ ವಿಷಯ ಅಲ್ಲ. ಡಾಕ್ಟರ ಚೀಟಿ ಕಳಿಸಿ ತರಿಸಿಕೊಳ್ಳುವ ಎಣ್ಣೆ. ಭಂಗಿ ಸೊಪ್ಪಿನ, ಅಂದರೆ ಗಾಂಜಾ ಗಿಡದ ಎಲೆಯ ಸಾರ ಹಾಕಿರುತ್ತಾರೆ, ಲೇಬಲ್ ಮೇಲೆ ಮಾತ್ರ ಆಯುರ್ವೇದದ ಹೆಸರು, 'ವಿಜಯಾ'. 30 ಮಿಲಿಯ ಸಣ್ಣ ಬಾಟಲಿ, ಮುಚ್ಚಳದಲ್ಲೇ ಹನಿ ಹಾಕುವ ನಳಿಕೆ. ಮೊದಲ ಬಾಟಲಿಗೆ 3,200 ರೂಪಾಯಿ ಕೊಟ್ಟಿದ್ದೆ. ಈಗ ಆರನೆಯದು ನಡೆದಿದೆ.

ಕಂಪನಿ ಹೆಸರು ಬರೆಯುವುದಿಲ್ಲ. ಬಯ್ಯುವ ಮಾತೂ ಇವೆ, ಸುಮ್ನೆ ಯಾಕೆ ತಕರಾರು?

ನಂದು ಗದಗಿನಲ್ಲಿ ಸಣ್ಣದೊಂದು ಪ್ರಿಂಟಿಂಗ್ ಪ್ರೆಸ್. ಮೂವತ್ತು ವರ್ಷ ಕಾಗದದ ರೀಮು ಎತ್ತಿ ಇಳಿಸಿ ನಡ ಹೋಯಿತು. 2019ರಲ್ಲಿ ಹುಬ್ಬಳ್ಳಿಯಲ್ಲಿ ಡಿಸ್ಕ್ ಆಪರೇಷನ್ ಆಯಿತು. ಕಾಲಿನ ಬಲ ವಾಪಸ್ ಬಂತು, ನೋವು ಹೋಗಲಿಲ್ಲ. ಎಡಗಡೆ ಸೊಂಟದಿಂದ ಹಿಮ್ಮಡಿವರೆಗೆ ಕರೆಂಟ್ ಹರಿದ ಹಾಗೆ. ಹಗಲು ಹೇಗೋ ಕಳೆಯುತ್ತದೆ, ರಾತ್ರಿ ಮಗ್ಗುಲು ಬದಲಿಸಿದಾಗೆಲ್ಲ ಎಚ್ಚರ. ನರದ ನೋವಿಗೆ ಅಂತ ಗಾಬಾಪೆಂಟಿನ್ ಗುಳಿಗೆ ಕೊಟ್ಟರು, ಮಂಪರು ಜಾಸ್ತಿ, ಗುಣ ಕಡಿಮೆ. ಕೊನೆಗೆ 2021ರಲ್ಲಿ ಟ್ರಮಡಾಲ್ ಶುರುವಾಯಿತು, ಅಫೀಮಿನ ಜಾತಿಯ ನೋವಿನ ಔಷಧಿ. 50 ಮಿಲಿಗ್ರಾಂ ಗುಳಿಗೆ, ಮೊದಲು ದಿನಕ್ಕೆ ಎರಡು, ಆಮೇಲೆ ನಾಲ್ಕು.

ಟ್ರಮಡಾಲ್ ಕೆಟ್ಟ ಔಷಧಿ ಅಂತ ನಾನು ಹೇಳುವುದಿಲ್ಲ. ಮೊದಲ ಎರಡು ತಿಂಗಳು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ ಅನಿಸಿತ್ತು. ಆಮೇಲೆ ಮೂರು ದಿನಕ್ಕೊಮ್ಮೆ ಸಂಡಾಸು, ಬಾಯಿ ಒಣಗುವುದು, ತಲೆ ಜಡ. ನೋವು ಮಾತ್ರ ಮೆಲ್ಲಗೆ ಮೊದಲಿನ ಜಾಗಕ್ಕೇ ಬಂದು ಕೂತಿತು. ನನ್ನ ಕಣ್ಣು ತೆರೆಸಿದ್ದು ಒಂದು ರಂಗಪಂಚಮಿ. ಗುಳಿಗೆ ಮುಗಿದಿತ್ತು, ಚೀಟಿ ಹಳೆಯದು. 2018ರಲ್ಲಿ ಟ್ರಮಡಾಲನ್ನು ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆಯೊಳಗೆ ತಂದಿದ್ದಾರಲ್ವಾ, ಹಳೇ ಚೀಟಿಗೆ ಕೊಡಲಿಕ್ಕಾಗಲ್ಲ ಅಂದ ಔಷಧಿ ಅಂಗಡಿಯವನು. ಅವನದು ಸರಿಯೇ ಇತ್ತು. ಮರುದಿನ ಬಣ್ಣದ ಆಟ, ಊರೆಲ್ಲ ಬಂದ್. ಎರಡನೇ ದಿನ ಮೈಯೆಲ್ಲ ಬೆವರು, ಮೂಗು ಸೋರುತ್ತಿದೆ, ಆಕಳಿಕೆ ಮೇಲೆ ಆಕಳಿಕೆ, ಭೇದಿ ಬೇರೆ. ಕಾಲೊಳಗೆ ಇರುವೆ ಸಾಲು ಹೊರಟ ಹಾಗೆ, ಒಂದು ಕಡೆ ಕೂರಲಿಕ್ಕಾಗದು. ಹಿಂದಿನ ಸಂಜೆ ತಿಂದ ಮಿರ್ಚಿ ಭಜಿಯನ್ನು ಬೈದುಕೊಂಡೆ. ಪಾಪ, ಭಜಿದು ತಪ್ಪಿರಲಿಲ್ಲ. ಮೂರನೇ ದಿನ ಗುಳಿಗೆ ನುಂಗಿದೆ, ಒಂದೂವರೆ ತಾಸಿನಲ್ಲಿ ಎಲ್ಲ ಮಾಯ. ಅವತ್ತು ನಿಜವಾಗಿ ಹೆದರಿದೆ.

ಎಣ್ಣೆಯ ಸುದ್ದಿ ತಂದವನು ಮಗ, ಮೊಬೈಲಿನಲ್ಲಿ ನೋಡಿ. ಹೆಂಡತಿಯ ಮೊದಲ ಮಾತು: "ಮೊದಲ ಗುಳಿಗಿ ಹುಚ್ಚು, ಈಗ ಗಾಂಜಾನೂ? ಪೊಲೀಸರು ಮನಿಗೆ ಬಂದ್ರ ಯಾರ ಉತ್ತರ ಕೊಡೋರು?" ಅವಳ ಅಂಜಿಕೆ ಸುಳ್ಳಲ್ಲ. ಹತ್ತಿ, ಮೆಣಸಿನಕಾಯಿ ಹೊಲದ ನಡುವೆ ಗಾಂಜಾ ಗಿಡ ಹಾಕಿ ಸಿಕ್ಕಿಬಿದ್ದವರ ಸುದ್ದಿ ನಮ್ಮ ಕಡೆ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಗಿಡ ಬೆಳೆದರೆ ಹತ್ತು ವರ್ಷದವರೆಗೆ ಜೈಲು. ಆದರೆ 1985ರ ಆ ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು-ಕಾಯಿ ಇರುವ ತುದಿ, ಚರಸ್ ಅಂದರೆ ಅದರ ಅಂಟು. ತುದಿ ಸೇರದ ಬರೀ ಎಲೆ ಆ ಲೆಕ್ಕಕ್ಕೆ ಬರುವುದಿಲ್ಲ. ಭಂಗಿ ಕಾಯ್ದೆಯಲ್ಲಿ ನಿಷೇಧಿಸಿದ ಪಾನೀಯ ಅಲ್ಲ ಅಂತ ನಮ್ಮ ಹೈಕೋರ್ಟೇ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಹೇಳಿದೆ. ಎಲೆಯಿಂದ ಮಾಡಿದ ಆಯುರ್ವೇದ ಔಷಧಿಯನ್ನು ಲೈಸೆನ್ಸ್ ಇದ್ದವರು ಮಾಡಬಹುದು, ವೈದ್ಯರ ಚೀಟಿ ಮೇಲೆ ನಾವು ಕೊಳ್ಳಬಹುದು. ನಾನಂತೂ ಹುಬ್ಬಳ್ಳಿ ಪ್ಯಾಸೆಂಜರ್ ಹತ್ತುವಾಗಲೂ ಬಾಟಲಿ ಜೊತೆ ಬಿಲ್ಲು, ಚೀಟಿ ಎರಡನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳುತ್ತೇನೆ. ಇಷ್ಟು ದಿನದಲ್ಲಿ ಒಬ್ಬರೂ ಕೇಳಿಲ್ಲ.

ಕಂಪನಿಯವರು ಫೋನಿನಲ್ಲೇ ಡಾಕ್ಟರನ್ನು ಮಾತಾಡಿಸುತ್ತಾರೆ. ನನಗೆ ಹತ್ತು ನಿಮಿಷದ ಫೋನು ಸಾಕಾಗಲಿಲ್ಲ. ಧಾರವಾಡದಲ್ಲಿ ಪರಿಚಯದ ಆಯುರ್ವೇದ ವೈದ್ಯರಿದ್ದರು, ಅವರ ಹತ್ತಿರವೇ ಹೋದೆ. ಅವರು ಒಂದು ಸ್ವಾರಸ್ಯದ ವಿಷಯ ಹೇಳಿದರು. ಶಾರ್ಙ್ಗಧರ ಸಂಹಿತೆ ಅನ್ನುವ ಹಳೆಯ ಆಯುರ್ವೇದ ಗ್ರಂಥದಲ್ಲಿ ಭಂಗಿಯನ್ನೂ ಅಫೀಮನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದಾರಂತೆ. ಎರಡೂ 'ವ್ಯವಾಯಿ', ಅಂದರೆ ಅರಗುವ ಮೊದಲೇ ಮೈತುಂಬ ಹರಡುವಂಥವು. "ಅಣ್ಣತಮ್ಮ ಇದ್ದಂಗ್ರಿ ಇವು. ಒಬ್ಬನ್ನ ಬಿಟ್ಟು ಇನ್ನೊಬ್ಬನ್ನ ಮನಿಯೊಳಗ ಕರಕೊಳ್ಳೋದು ಅಷ್ಟು ಹಗುರ ತಿಳೀಬ್ಯಾಡ್ರಿ. ಗುಳಿಗಿ ಒಮ್ಮಿಗೇ ನಿಲ್ಲಸಬ್ಯಾಡ್ರಿ, ಹುಬ್ಬಳ್ಳಿ ಡಾಕ್ಟರಿಗೆ ಕೇಳಿ ಬರ್ರಿ." ಮನೆಯಲ್ಲಿ ಯಾರಿಗಾದರೂ ಬುದ್ಧಿಭ್ರಮೆ ಇತ್ತಾ, ಎದೆನೋವು ಇದೆಯಾ, ರಕ್ತ ತೆಳು ಮಾಡುವ ಗುಳಿಗೆ ಉಂಟಾ, ಎಲ್ಲ ಕೇಳಿದರು. ಫೋನಿನಲ್ಲಿ ಇದರಲ್ಲಿ ಅರ್ಧ ಕೇಳಿರಲಿಲ್ಲ.

ಹುಬ್ಬಳ್ಳಿಯ ನೋವಿನ ಕ್ಲಿನಿಕ್ಕಿನ ಡಾಕ್ಟರಮ್ಮ ಮೊದಲು ಹುಬ್ಬು ಗಂಟು ಹಾಕಿದರು. ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು ಅಂದರು. ಎಣ್ಣೆ, ಗಾಬಾಪೆಂಟಿನ್ ಎರಡೂ ಮಂಪರು ತರುತ್ತವೆ, ಅದಕ್ಕೇ ಇನ್ನೂ ನಡೆದಿದ್ದ ಗಾಬಾಪೆಂಟಿನ್ ಮೆಲ್ಲಗೆ ಬಿಡಿಸಿದರು. ಟ್ರಮಡಾಲ್ ಇಳಿಸುವ ಲೆಕ್ಕವನ್ನೂ ಅವರೇ ಬರೆದುಕೊಟ್ಟರು. ಅದನ್ನು ಆಮೇಲೆ ಹೇಳುತ್ತೇನೆ.

ಈಗ ಎಣ್ಣೆಗೆ ಬರೋಣ. ರುಚಿ ಕಹಿ, ಹಸಿ ಹುಲ್ಲು ಜಗಿದ ಹಾಗೆ, ಗಂಟಲಲ್ಲಿ ಅರ್ಧ ತಾಸು ಉಳಿಯುತ್ತದೆ. ರಾತ್ರಿ ಊಟ ಆದ ಮೇಲೆ ನಾಲಿಗೆ ಕೆಳಗೆ ಎರಡು ಹನಿಯಿಂದ ಶುರು, ನಾಲ್ಕು ದಿನಕ್ಕೆ ಒಂದೊಂದು ಹನಿ ಏರಿಸುವುದು. ಮೊದಲ ವಾರ ಏನೂ ಆಗಲಿಲ್ಲ. ಮೂರನೇ ವಾರ ನಾನು ಮಾಡಿದ ಪೆದ್ದುತನ ಕೇಳಿ. ಐದು ಹನಿ ಹಾಕಿಕೊಂಡು ಮುಕ್ಕಾಲು ತಾಸು ಕಾದೆ. ಏನೂ ಇಲ್ಲ. ದುಡ್ಡು ನೀರಿಗೆ ಹೋಯಿತು ಅಂತ ಸಿಟ್ಟು ಬಂದು ಇನ್ನೂ ಎಂಟು ಹನಿ ಹಾಕಿಕೊಂಡೆ. ಹೊಟ್ಟೆಗೆ ಹೋದದ್ದು ಲಿವರ್ ದಾಟಿ ರಕ್ತಕ್ಕೆ ಬರಬೇಕು, ಅದಕ್ಕೆ ಒಂದೊಂದು ಸಲ ಎರಡು ತಾಸು ಬೇಕು, ಬಂದ ಮೇಲೆ ಆರೆಂಟು ತಾಸು ಇರುತ್ತದೆ. ಇದು ನನಗೆ ಆಗ ಗೊತ್ತಿರಲಿಲ್ಲ. ಹನ್ನೊಂದೂವರೆಗೆ ಎದೆ ಡವಡವ, ಬಾಯಿ ಒಣಗಿ ಅಂಟು, ಗೋಡೆ ಗಡಿಯಾರದ ಸಪ್ಪಳ ಕಿವಿಯೊಳಗೇ. ಹೆಂಡತಿ ಬೆಳಗಿನ ಎರಡರವರೆಗೆ ಪಕ್ಕದಲ್ಲಿ ಕೂತಿದ್ದಳು. ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆ ಆಯಿತು.

ಮುಗಿಯಲಿಲ್ಲ. ಬೆಳಿಗ್ಗೆ ಪ್ರೆಸ್ಸಿಗೆ ಹೋದೆ, ಲಗ್ನಪತ್ರದ ಸೀಸನ್ನು. ಕೆಂಪು ಪ್ಲೇಟು ಕೂದಲೆಳೆಯಷ್ಟು ಸರಿದಿತ್ತು, ಮದುಮಗಳ ಹೆಸರು ಎರಡೆರಡಾಗಿ ಕಾಣುತ್ತಿತ್ತು. ರಾತ್ರಿ ಎಣ್ಣೆಯ ಕಾಟ, ನನ್ನ ಕಣ್ಣಿಗೆ ಮಾತ್ರ ಹಾಗೆ ಕಾಣುತ್ತಿದೆ ಅಂದುಕೊಂಡು ಮಷಿನ್ ಓಡಿಸಿಯೇ ಬಿಟ್ಟೆ. ಕೆಲಸದ ಹುಡುಗ ಚಹಾ ತಂದವನು ಒಂದು ಪತ್ರಿಕೆ ಎತ್ತಿ ಹೇಳಿದ: "ಅಣ್ಣಾರ, ಇಬ್ರು ಮದುಮಕ್ಕಳೇನ್ರಿ?" ನಾನೂರು ಕಾರ್ಡು ರದ್ದಿಗೆ. ಅವತ್ತಿನಿಂದ ಹನಿ ಏರಿಸಿದ ಮರುದಿನ ಮಷಿನ್ ಮುಟ್ಟುವುದಿಲ್ಲ, ಬೈಕೂ ಮುಟ್ಟುವುದಿಲ್ಲ.

ಆ ನಾನೂರು ಕಾರ್ಡು ಕತ್ತರಿಸಿ ಹಿಂಬದಿಯಲ್ಲಿ ಬರೆಯುವ ಹಾಗೆ ಒಂದು ಪುಸ್ತಕ ಹೊಲಿದೆ. ದಿನಾ ರಾತ್ರಿ ಮೂರೇ ಅಂಕಿ: ನೋವು ಹತ್ತಕ್ಕೆ ಎಷ್ಟು, ಹಿಂದಿನ ರಾತ್ರಿ ಎಷ್ಟು ಸಲ ಎಚ್ಚರ, ಎಷ್ಟು ಗುಳಿಗೆ. ಈ ವಿಮರ್ಶೆ ಅದನ್ನು ನೋಡಿಕೊಂಡೇ ಬರೆಯುತ್ತಿದ್ದೇನೆ. ಎಣ್ಣೆಯ ಮೊದಲ ತಿಂಗಳು ನೋವು ಏಳು, ಎಚ್ಚರ ನಾಲ್ಕೈದು, ಗುಳಿಗೆ ನಾಲ್ಕು. ಮೂರನೇ ತಿಂಗಳು ನೋವು ಆರು, ಎಚ್ಚರ ಒಂದು. ಗುಳಿಗೆ ಇನ್ನೂ ನಾಲ್ಕೇ. ನೋವು ಬರೀ ಒಂದು ಮೆಟ್ಟಿಲು ಇಳಿದಿದೆ, ನಿದ್ದೆ ಪೂರಾ ವಾಪಸ್ ಬಂದಿದೆ. ರಾತ್ರಿ ನೋವು ಇಲ್ಲ ಅಂತ ಅಲ್ಲ. ಪಕ್ಕದ ಓಣಿಯ ಮದುವೆ ಮೈಕಿನ ಹಾಗೆ, ಕೇಳಿಸುತ್ತದೆ, ಆದರೆ ನಮ್ಮ ಮನೆಯದಲ್ಲ.

ನಿದ್ದೆ ಬಂದ ಮೇಲೆಯೇ ಗುಳಿಗೆ ಇಳಿಸಲು ಶುರು ಮಾಡಿದ್ದು. ಡಾಕ್ಟರಮ್ಮನ ಲೆಕ್ಕ ಸರಳ: ನಾಲ್ಕರಲ್ಲಿ ಒಂದು ಕಡಿಮೆ, ಮೈ ಒಗ್ಗುವವರೆಗೆ ಅಲ್ಲೇ ನಿಲ್ಲು, ಆಮೇಲೆ ಮುಂದಿನದು. ಹಗಲಿನವು ಎರಡು ಸುಲಭವಾಗಿ ಹೋದವು. ಕೊನೆಯದೊಂದು ಬಿಡಲಿಕ್ಕೆ ಎರಡೂವರೆ ತಿಂಗಳು ಬೇಕಾಯಿತು. ಇರುವೆ ಸಾಲು ಮತ್ತೆ ಬಂತು, ಸಣ್ಣದಾಗಿ. ಒಟ್ಟು ಏಳು ತಿಂಗಳು. ಮಧ್ಯೆ ಒಂದು ಸಲ ಮತ್ತೆ ಎರಡಕ್ಕೆ ಏರಿಸಿದ್ದೂ ಉಂಟು, ನನ್ನ ತಂಗಿ ಮಗನ ಮದುವೆಯಲ್ಲಿ ನಿಂತೂ ನಿಂತೂ. ಈಗ ತಿಂಗಳಿಗೆ ಎರಡೋ ಮೂರೋ, ಪೇಪರ್ ಲೋಡ್ ಬಂದ ದಿನ. ಹೊಟ್ಟೆ ಸರಿಹೋಯಿತು, ಇದನ್ನು ಅಂಕಿಯಲ್ಲಿ ಬರೆದಿಲ್ಲ, ಆದರೆ ನನ್ನ ಮಟ್ಟಿಗೆ ಇದೇ ದೊಡ್ಡ ಸುಖ.

ಇದೆಲ್ಲ ಎಣ್ಣೆಯ ಪವಾಡವೇ? ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಅದೇ ಹೊತ್ತಿಗೆ ಫಿಸಿಯೋಥೆರಪಿ ವ್ಯಾಯಾಮ ಶುರು ಮಾಡಿದೆ, ರೀಮು ಎತ್ತುವುದು ಬಿಟ್ಟೆ, ಭೀಷ್ಮ ಕೆರೆ ಸುತ್ತ ದಿನಾ ಅರ್ಧ ತಾಸು ನಡೆಯುತ್ತೇನೆ. ಮಗ ಒಂದು ವಾಟ್ಸಾಪ್ ಮೆಸೇಜು ಕಳಿಸಿದ್ದ, ಅಮೆರಿಕದಲ್ಲಿ ಗಾಂಜಾವನ್ನು ಔಷಧಿಯಾಗಿ ಬಳಸಲು ಕಾನೂನು ಒಪ್ಪಿದ ರಾಜ್ಯಗಳಲ್ಲಿ ನೋವಿನ ಗುಳಿಗೆಯಿಂದ ಸಾಯುವವರು ಕಾಲು ಭಾಗ ಕಡಿಮೆ ಅಂತ. 2014ರಲ್ಲಿ ಅಂಥ ಅಧ್ಯಯನ ಬಂದದ್ದು ನಿಜ, 1999ರಿಂದ 2010ರವರೆಗಿನ ಲೆಕ್ಕ ಹಿಡಿದು. ಅದೇ ವಿಧಾನದಲ್ಲಿ 2017ರವರೆಗೆ ಲೆಕ್ಕ ಹಾಕಿ 2019ರಲ್ಲಿ ನೋಡಿದರೆ ಫಲ ಉಲ್ಟಾ, ಸಾವು ಹೆಚ್ಚೇ ಕಂಡಿತು. ಮೆಸೇಜು ಕಳಿಸುವವರು ಮೊದಲನೆಯದನ್ನು ಮಾತ್ರ ಕಳಿಸುತ್ತಾರೆ. ಆಸ್ಟ್ರೇಲಿಯಾದಲ್ಲಿ ಒಪಿಯಾಯ್ಡ್, ಅಂದರೆ ಅಫೀಮಿನ ಜಾತಿಯ ಗುಳಿಗೆ ತೆಗೆದುಕೊಳ್ಳುವ 1,514 ಜನ ನೋವಿನ ರೋಗಿಗಳನ್ನು ನಾಲ್ಕು ವರ್ಷ ನೋಡಿ 2018ರಲ್ಲಿ ಬರೆದರು, ಗಾಂಜಾ ಬಳಸಿದವರ ಗುಳಿಗೆ ಅದರಿಂದ ಕಡಿಮೆ ಆದ ಕುರುಹು ಸಿಗಲಿಲ್ಲ ಅಂತ. ಹಾಗಾಗಿ ನನ್ನ ಕಥೆ ನನ್ನದಷ್ಟೇ.

ಇನ್ನೊಂದು. ನಮ್ಮ ದೊಡ್ಡಮ್ಮನಿಗೆ ಕ್ಯಾನ್ಸರ್ ಇತ್ತು, ಕೊನೆಯ ಎರಡು ತಿಂಗಳು ಅಫೀಮಿನಿಂದ ಬರುವ ಮಾರ್ಫಿನ್ ಗುಳಿಗೆ ಮೇಲೇ ಇದ್ದಳು. ಅದರಿಂದಲೇ ಅವಳು ಕೂತು ಮೊಮ್ಮಕ್ಕಳ ಜೊತೆ ಮಾತಾಡಿದಳು. ಆಗ ಯಾರಾದರೂ "ಅಫೀಮು ಬ್ಯಾಡ, ಎಣ್ಣಿ ಕೊಡ್ರಿ" ಅಂದಿದ್ದರೆ ನಾನೇ ಬಾಗಿಲ ಹೊರಗೆ ಕಳಿಸುತ್ತಿದ್ದೆ.

ಈಗ ಬಯ್ಯುವ ಮಾತು. ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ 1500 ಮಿಲಿಗ್ರಾಂ ಅಂತ ಇದೆ. ಅದು ಪೂರಾ ಸಾರದ ತೂಕ. ಅದರಲ್ಲಿ ಅಮಲು ತರುವ ಟಿಎಚ್‌ಸಿ ಎಷ್ಟು, ಅಮಲಿಲ್ಲದ ಸಿಬಿಡಿ ಎಷ್ಟು ಅನ್ನುವುದು ಲೇಬಲ್ ಮೇಲೆ ಇಲ್ಲ. ನನ್ನ ಲೆಕ್ಕದಲ್ಲಿ ಒಂದು ಹನಿಗೆ ಸುಮಾರು ಎರಡೂವರೆ ಮಿಲಿಗ್ರಾಂ ಸಾರ ಬೀಳುತ್ತದೆ, ಅದರ ಆಚೆ ಕತ್ತಲೆ. ಮೂರನೇ ಬಾಟಲಿ ಕಡು ಹಸಿರು, ಐದನೆಯದು ಕಂದು. ಐದನೆಯದರಲ್ಲಿ ಅದೇ ಐದು ಹನಿಗೆ ಬೆಳಿಗ್ಗೆ ಒಂಬತ್ತರವರೆಗೆ ತಲೆ ಭಾರ. ಫೋನ್ ಮಾಡಿದರೆ "ನೈಸರ್ಗಿಕ ಉತ್ಪನ್ನ ಸರ್, ಸ್ವಲ್ಪ ವ್ಯತ್ಯಾಸ ಸಹಜ" ಅಂದರು. ಶಾಯಿ ಡಬ್ಬಿ ಒಂದೊಂದು ಸಲ ಒಂದೊಂದು ಕೆಂಪು ಬಂದರೆ ನಾನು ಗಿರಾಕಿಗೆ ಹೀಗೆ ಹೇಳಬಹುದಾ? ಲ್ಯಾಬ್ ರಿಪೋರ್ಟ್ ಕೇಳಿದೆ. ಕಳಿಸಿದರು, ಬ್ಯಾಚ್ ನಂಬರು ನನ್ನ ಬಾಟಲಿದೇ ಅಲ್ಲ. ಆರನೆಯದು ಬೇರೆ ಕಂಪನಿಯಿಂದ ತರಿಸಿದೆ, ಅದರ ಮೇಲೆ ಎರಡೂ ಅಂಕಿ ಇವೆ, 400 ರೂಪಾಯಿ ಜಾಸ್ತಿ.

ಬೀಜದ ಎಣ್ಣೆಗೂ ಇದಕ್ಕೂ ಗೊಂದಲ ಬೇಡ. ಹೆಂಪ್ ಬೀಜದ, ಅಂದರೆ ಇದೇ ಗಿಡದ ಬೀಜದ ಎಣ್ಣೆ ಅಡುಗೆ ಪದಾರ್ಥದ ಲೆಕ್ಕಕ್ಕೆ ಬರುತ್ತದೆ, 2021ರಲ್ಲಿ ಆಹಾರ ಪ್ರಾಧಿಕಾರ ಒಪ್ಪಿಗೆ ಕೊಟ್ಟಿದೆ. ಚೀಟಿ ಬೇಕಿಲ್ಲ, ಅಗ್ಗ. ನಮ್ಮ ಗೆಳೆಯರೊಬ್ಬರು ಅದನ್ನೇ ತಂದು ಎರಡು ತಿಂಗಳು ಮೊಣಕಾಲಿಗೆ ತಿಕ್ಕಿದರು. ಚರ್ಮ ನುಣುಪಾಗಿದೆಯಂತೆ.

ಖರ್ಚು: ಐದು ಹನಿಯ ಲೆಕ್ಕದಲ್ಲಿ ಒಂದು ಬಾಟಲಿ ನಾಲ್ಕು ತಿಂಗಳು ಬರುತ್ತದೆ, ತಿಂಗಳಿಗೆ 800 ರಿಂದ 900. ಜಾಸ್ತಿ ಹನಿ ಬೇಕಾದವರಿಗೆ ಇದು ಭಾರವೇ. ನಮ್ಮ ಭಾವಮೈದ "ಮಾವಾ, ಯಾಕ ದುಡ್ಡು ಸುರೀತೀರಿ, ಕಪ್ಪತಗುಡ್ಡದಾಗ ಇಲ್ಲದ ಔಷಧ ಐತೇನು, ನಾ ತಂದುಕೊಡ್ತೀನಿ" ಅನ್ನುತ್ತಾನೆ. ಅವನು ತರುವುದು ಯಾವುದು ಅಂತ ನನಗೆ ಗೊತ್ತು, ಅವನಿಗೂ ಗೊತ್ತು. ಬೇಡ ಅಂದಿದ್ದೇನೆ.

ಈ ತಿಂಗಳು ಐದರಿಂದ ಮೂರು ಹನಿಗೆ ಇಳಿಸಿ ನೋಡುತ್ತಿದ್ದೇನೆ. ಬಾಯಿ ಒಣಗುವುದು ಕಡಿಮೆ. ನಿನ್ನೆ ರಾತ್ರಿ ಎಚ್ಚರ ಎರಡು ಸಲ. ಟೇಬಲ್ ಡ್ರಾದಲ್ಲಿ ಟ್ರಮಡಾಲ್ ಹತ್ತರ ಪಟ್ಟಿಯಲ್ಲಿ ಇನ್ನೂ ಆರಿವೆ, ಅದರ ಬಿಲ್ಲು ಎರಡು ತಿಂಗಳು ಹಿಂದಿನದು.