ಸ್ವಿಫ್ಟ್‌ಗೆ ಬಲೆನೊ ವೀಲ್: ಹಾಸನದ ರಸ್ತೆಗಳಲ್ಲಿ ಓಡಿಸಿ ನೋಡಿದ ಮೇಲೆ

ನನ್ನದು 2018ರ ಮಾರುತಿ ಸ್ವಿಫ್ಟ್, ವಿಎಕ್ಸ್‌ಐ ವೇರಿಯಂಟ್. ಕಂಪನಿಯಿಂದ ಬಂದಿದ್ದು 14 ಇಂಚಿನ ಕಬ್ಬಿಣದ ರಿಮ್, 165/80 ಟೈರ್, ಮೇಲೊಂದು ಪ್ಲಾಸ್ಟಿಕ್ ವೀಲ್ ಕ್ಯಾಪ್. (165 ಅಂದರೆ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ; 80 ಅಂದರೆ ಟೈರಿನ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡಾ 80.) ಅದನ್ನು ತೆಗೆಸಿ ಬಲೆನೊ ಕಾರಿನ 16 ಇಂಚಿನ ಅಲಾಯ್ ವೀಲ್ ಹಾಕಿಸಿದೆ, 195/55 ಟೈರ್ ಸಮೇತ. ಎಲ್ಲ ಸೆಕೆಂಡ್ ಹ್ಯಾಂಡ್. ಟೈರ್ ಅರ್ಧಕ್ಕಿಂತ ಜಾಸ್ತಿ ಸವೆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಾಕಿಸಿದ ವಾರವೇ ಬರೆದಿದ್ದರೆ ಬರೀ ಹೊಗಳಿಕೆ ಆಗುತ್ತಿತ್ತು.

ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಕೂರುತ್ತಾ? ಕೂರುತ್ತದೆ, ಏನೂ ತೊಂದರೆ ಇಲ್ಲ. 2018ರ ಸ್ವಿಫ್ಟ್, ಬಲೆನೊ ಎರಡೂ ಹಾರ್ಟೆಕ್ಟ್ ಎಂಬ ಒಂದೇ ಪ್ಲಾಟ್‌ಫಾರ್ಮ್ ಮೇಲೆ ಕಟ್ಟಿದ ಕಾರುಗಳು. ಎರಡಕ್ಕೂ ನಾಲ್ಕು ನಟ್, ಪಿಸಿಡಿ 100 ಮಿ.ಮೀ. ಅಂದರೆ ನಾಲ್ಕು ನಟ್‌ಗಳ ನಡುಮಧ್ಯ ಹಾದುಹೋಗುವ ವೃತ್ತದ ಅಡ್ಡಳತೆ. ಹಬ್ (ವೀಲ್ ಕೂರಿಸುವ ಕಾರಿನ ಭಾಗ) ಕೂರುವ ನಡುವಿನ ತೂತು ಎರಡರಲ್ಲೂ 54.1 ಮಿ.ಮೀ. ಈ ಅಳತೆ ಬಹಳ ಮುಖ್ಯ. ತೂತು ದೊಡ್ಡದಿದ್ದರೆ ವೀಲ್ ನಡುಮಧ್ಯಕ್ಕೆ ಕೂರುವುದಿಲ್ಲ, ಹೈವೇ ವೇಗದಲ್ಲಿ ಸ್ಟೇರಿಂಗ್ ನಡುಗುತ್ತದೆ. ಹೋಂಡಾ ಸಿಟಿಯ ವೀಲ್ ಕೂಡ ನಾಲ್ಕು ನಟ್, 100 ಪಿಸಿಡಿ. ಆದರೆ ಅದರ ನಡುತೂತು 56.1. ಆ ಸಂದು ತುಂಬಲು ಹಬ್ ರಿಂಗ್ ಎಂಬ ಬಳೆ ಬೇಕು. ಅದಕ್ಕಿಂತ ದೊಡ್ಡ ವಿಷಯ, ಹೋಂಡಾ ಕಂಪನಿ ವೀಲ್‌ನಲ್ಲಿ ನಟ್ ಕೂರುವ ಜಾಗ ಗುಂಡಗಿರುತ್ತದೆ, ಸುಜುಕಿ ನಟ್ ಚೂಪಾಗಿರುತ್ತದೆ. ಬಿಗಿ ಮಾಡಿದಾಗ ಕೂತಂತೆ ಕಾಣುತ್ತದೆ, ಆದರೆ ಹಿಡಿತ ಪೂರ್ತಿ ಸಿಗುವುದಿಲ್ಲ. ಓಡುತ್ತಾ ಓಡುತ್ತಾ ಸಡಿಲವಾಗಬಹುದು. ದಯವಿಟ್ಟು ಇದರಲ್ಲಿ ಯಾರೂ ರಾಜಿ ಮಾಡಿಕೊಳ್ಳಬೇಡಿ.

ಒಂದೇ ಕಂಪನಿ ಅಂದ ಮಾತ್ರಕ್ಕೆ ಹೊಂದುತ್ತದೆ ಎಂದೂ ಇಲ್ಲ. ಬ್ರೆಝಾ ಕೂಡ ಮಾರುತಿಯದ್ದೇ. ಅದರದ್ದು ಐದು ನಟ್, ಪಿಸಿಡಿ 114.3. ಸ್ವಿಫ್ಟ್‌ಗೆ ಆಗುವುದೇ ಇಲ್ಲ.

ಅಳತೆ ಲೆಕ್ಕ ಹಾಕಿದಾಗ ನನಗೆ ತುಂಬ ಖುಷಿಯಾಗಿದ್ದು ಟೈರಿನ ಒಟ್ಟು ಎತ್ತರ ನೋಡಿ. 165/80 ಆರ್14 (ಅಂದರೆ 14 ಇಂಚಿನ ರಿಮ್‌ನ) ಟೈರ್ ನೆಲದಿಂದ ಮೇಲಿನ ತುದಿಗೆ ಸುಮಾರು 620 ಮಿ.ಮೀ. 195/55 ಆರ್16 ಸುಮಾರು 621. ಮೇಲಿನ ವೇರಿಯಂಟ್ ಸ್ವಿಫ್ಟ್‌ಗೆ ಬರುವ 185/65 ಆರ್15 ಕೂಡ 621ರ ಆಸುಪಾಸು. ರಿಮ್ ದೊಡ್ಡದಾದಷ್ಟೂ ಟೈರಿನ ಗೋಡೆ ಗಿಡ್ಡವಾಗುತ್ತದೆ, ಒಟ್ಟು ಎತ್ತರ ಅಷ್ಟೇ ಉಳಿಯುತ್ತದೆ. ಹಾಗಾಗಿ ಸ್ಪೀಡೋಮೀಟರ್ ಲೆಕ್ಕ ತಪ್ಪುವುದಿಲ್ಲ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ಟೈರ್ ಎಲ್ಲೂ ಉಜ್ಜುವುದಿಲ್ಲ. ಡಿಕ್ಕಿಯಲ್ಲಿರುವ ಹಳೇ 14 ಇಂಚಿನ ಸ್ಟೆಪ್ನಿಯನ್ನೇ ಪಂಕ್ಚರ್ ಅಂಗಡಿವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಬಹುದು. ಭಾರ ಹೊರುವ ಸಂಖ್ಯೆಯನ್ನೂ ನೋಡಿದೆ. ನನ್ನ ಟೈರಿನ ಮೇಲೆ 87 ಎಂದಿದೆ, ಅಂದರೆ ಒಂದು ಟೈರಿಗೆ 545 ಕೆ.ಜಿ. ಸ್ವಿಫ್ಟ್‌ಗೆ ಧಾರಾಳ ಸಾಕು.

ಇನ್ನು ಓಡಿಸಿದ ಅನುಭವ. ಹಾಸನದಿಂದ ಚನ್ನರಾಯಪಟ್ಟಣದ ಕಡೆ ಎನ್‌ಎಚ್ 75ರಲ್ಲಿ ಹೋಗುವಾಗ ಇದು ಬೇರೆಯೇ ಕಾರು. ಹಳೇ ಟೈರಿನಲ್ಲಿ ಲೇನ್ ಬದಲಿಸಿದರೆ ಬಾಡಿ ಒಂದು ಕ್ಷಣ ತಡವಾಗಿ ಬರುತ್ತಿತ್ತು. ಈಗ ಸ್ಟೇರಿಂಗ್ ತಿರುಗಿಸಿದ ಕೂಡಲೇ ತಿರುಗುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ ಧೈರ್ಯ ಬರುತ್ತದೆ. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿತವೂ ಚೆನ್ನಾಗಿದೆ. ಆದರೆ ಜೋರು ಮಳೆಯಲ್ಲಿ ನೀರು ನಿಂತ ಕಡೆ ಅಗಲ ಟೈರ್ ಬೇಗ ತೇಲುತ್ತದೆ, ವೇಗ ಇಳಿಸಲೇಬೇಕು. ಮೈಲೇಜ್ ತುಸು ಇಳಿದಿದೆ, ನಿಂತಲ್ಲೇ ಸ್ಟೇರಿಂಗ್ ತಿರುಗಿಸುವಾಗ ಸ್ವಲ್ಪ ಭಾರ ಅನ್ನಿಸುತ್ತದೆ. ಇವೆರಡೂ ನನಗೆ ದೊಡ್ಡ ವಿಷಯವಲ್ಲ.

ದೊಡ್ಡ ವಿಷಯ ಬೇರೆ ಇದೆ. ನಮ್ಮ ಚಿಕ್ಕಪ್ಪನ ತೋಟ ಮೂಡಿಗೆರೆ ಕಡೆ. ಟಾರು ರಸ್ತೆ ಬಿಟ್ಟು ಒಳಗೆ ಹೋದರೆ ಮಣ್ಣು, ಜಲ್ಲಿ, ಮಳೆ ಕೊರೆದ ಗುಂಡಿ, ಅಲ್ಲಲ್ಲಿ ಚೂಪು ಕಲ್ಲು. ಹಳೇ ಟೈರಿನ ಗೋಡೆ 132 ಮಿ.ಮೀ. ಎತ್ತರವಿತ್ತು, ಇದರದ್ದು 107. ಈ 25 ಮಿ.ಮೀ. ವ್ಯತ್ಯಾಸ ಆ ದಾರಿಯಲ್ಲಿ ಸೊಂಟಕ್ಕೇ ಗೊತ್ತಾಗುತ್ತದೆ. ಅಮ್ಮ ಹಿಂದಿನ ಸೀಟಿನಲ್ಲಿ ಕೂತು 'ಮೊದಲಿನ ಚಕ್ರವೇ ಮೆತ್ತಗಿತ್ತು ಕಣೋ' ಎಂದರು. ಅವರ ಮಾತು ನಿಜ. ಕಬ್ಬಿಣದ ರಿಮ್ ಗುಂಡಿಗೆ ಬಿದ್ದು ಸೊಟ್ಟಗಾದರೆ ಪಂಕ್ಚರ್ ಅಂಗಡಿಯಲ್ಲಿ ಬಡಿದು ಸರಿ ಮಾಡಿಕೊಡುತ್ತಾರೆ. ಅಲಾಯ್ ಬಿರುಕು ಬಿಡಬಹುದು. ಟೈರಿನ ಗೋಡೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಒಳಗಿನ ನೂಲು ಕಡಿದರೆ ಬಲ್ಜ್, ಅಂದರೆ ಗೋಡೆಯಲ್ಲಿ ಉಬ್ಬು ಬರುತ್ತದೆ, ಆ ಟೈರ್ ಮತ್ತೆ ಉಪಯೋಗಕ್ಕಿಲ್ಲ. ಬೇಲೂರು ದಾರಿಯಲ್ಲಿ ಮಳೆಗಾಲದ ನಂತರ ನೀರು ತುಂಬಿದ ಒಂದು ಗುಂಡಿಯಲ್ಲಿ ನನ್ನ ಎಡಗಡೆ ಮುಂದಿನ ಟೈರಿಗೆ ಹೀಗೇ ಆಯಿತು. ಬದಲಿಸಬೇಕಾಯಿತು. ಅಂದಿನಿಂದ ದೂರ ಹೊರಡುವ ದಿನ ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡುತ್ತೇನೆ. ಗಾಳಿ ಕಮ್ಮಿ ಇದ್ದಾಗಲೇ ಗಿಡ್ಡ ಗೋಡೆಯ ಟೈರಿಗೆ ಇಂಥ ಪೆಟ್ಟು ಜಾಸ್ತಿ.

ಹಳೇ ವೀಲ್ ಕೊಳ್ಳುವವರಿಗೆ ಒಂದು ಮಾತು. ನನಗೆ ಮೊದಲು ಒಬ್ಬರು ತೋರಿಸಿದ ಸೆಟ್ ಹೊರಗಿನಿಂದ ಹೊಸದರಂತೆ ಹೊಳೆಯುತ್ತಿತ್ತು. ತಿರುಗಿಸಿ ಒಳಗಡೆ ನೋಡಿದರೆ ಒಂದು ರಿಮ್ಮಿನ ಅಂಚಿನಲ್ಲಿ ವೆಲ್ಡಿಂಗ್ ಮಾಡಿ ಪೇಂಟ್ ಬಳಿದಿದ್ದರು. ಬೇಡ ಎಂದು ಬಂದೆ. ಒಳಮುಖ ನೋಡದೆ ದುಡ್ಡು ಕೊಡಲೇಬೇಡಿ. ಅಲ್ಲೇ ಅಚ್ಚಿನಲ್ಲಿ ಅಗಲ ಮತ್ತು ಇಟಿ ಎಂಬ ಆಫ್‌ಸೆಟ್ ಸಂಖ್ಯೆಯೂ (ರಿಮ್ಮಿನ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ದೂರ ಎಂಬ ಅಳತೆ) ಇರುತ್ತದೆ. ನಿಮ್ಮ ಮೂಲ ವೀಲ್‌ಗಿಂತ ಈ ಇಟಿ ತುಂಬ ಕಮ್ಮಿ ಇದ್ದರೆ ಚಕ್ರ ಹೊರಗೆ ಚಾಚಿಕೊಂಡು ಬೇರಿಂಗ್ ಮೇಲೆ ಹೊರೆ ಬೀಳುತ್ತದೆ. ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ನಾಲ್ಕನ್ನೂ ತಿರುಗಿಸಿ ಅಲುಗಾಟ ನೋಡಿ. ಟೈರಿನ ತಯಾರಿ ದಿನಾಂಕ ಗೋಡೆ ಮೇಲೇ ಇರುತ್ತದೆ: 2319 ಎಂದಿದ್ದರೆ 2019ರ 23ನೇ ವಾರ. ಹಾಕಿಸಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.

ಕಾನೂನಿನ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಮಡ್‌ಗಾರ್ಡ್‌ನಿಂದ ಆಚೆ ಚಾಚುವ ಚಕ್ರಗಳ ಸಹವಾಸವೇ ಬೇಡ. ನಾನು ಇನ್ಶೂರೆನ್ಸ್ ಕಂಪನಿಗೆ ವೀಲ್ ಬದಲಿಸಿದ್ದನ್ನು ಬರೆದು ತಿಳಿಸಿದ್ದೇನೆ. ನೀವೂ ತಿಳಿಸಿ.

ಹಾಗಾದರೆ ಯಾರು ಹಾಕಿಸಬಹುದು? ಹಾಸನ ಪೇಟೆ, ಬೆಂಗಳೂರು ಓಡಾಟ ಇರುವವರು ಧೈರ್ಯವಾಗಿ ಹಾಕಿಸಿ. ದಿನಾ ತೋಟದ ದಾರಿಯಲ್ಲಿ ಓಡಿಸುವವರಿಗೆ ನಾನು ಹೇಳುವುದು ಮೇಲಿನ ವೇರಿಯಂಟ್ ಸ್ವಿಫ್ಟ್‌ನ 15 ಇಂಚಿನ ವೀಲ್. ಗೋಡೆ 120 ಮಿ.ಮೀ. ಇರುತ್ತದೆ, ನೋಡಲೂ ಚೆಂದ, ಅದು ಇದೇ ಕಾರಿನದ್ದೇ ಅಳತೆ. ನನಗೆ ತಿಂಗಳಲ್ಲಿ ಹೈವೇ ಓಡಾಟವೇ ಜಾಸ್ತಿ, ಹಾಗಾಗಿ 16 ಇಂಚಿನಲ್ಲೇ ಇರುತ್ತೇನೆ.

ಮುಂದಿನ ಸಲ ಟೈರ್ ಬದಲಿಸುವಾಗ 195/60 ಹಾಕಿಸಿ ಸರ್, ಮೆತ್ತಗಿರುತ್ತೆ ಎಂದು ಟೈರ್ ಅಂಗಡಿಯವರು ಹೇಳಿದ್ದಾರೆ. ಲೆಕ್ಕ ಹಾಕಿದೆ. ಅದರ ಎತ್ತರ 640 ಮಿ.ಮೀ. ಆಗುತ್ತದೆ. ಅದೇ ವೇಗಕ್ಕೆ ಸ್ಪೀಡೋಮೀಟರ್ ಈಗಿನದಕ್ಕಿಂತ ಕಮ್ಮಿ ತೋರಿಸುತ್ತದೆ, ಮುಂದಿನ ಚಕ್ರದ ಮೇಲಿನ ಕಮಾನಿನ (ಆರ್ಚ್) ಒಳಗೆ ಜಾಗವೂ ಬಿಗಿಯಾಗುತ್ತದೆ. ಆದ್ದರಿಂದ 195/55 ನಾಲ್ಕನ್ನೂ ಒಟ್ಟಿಗೆ ಹಾಕಿಸುತ್ತೇನೆ. ನೀವೂ ಅದನ್ನೇ ಹಾಕಿಸುವುದಾದರೆ ಅಂಗಡಿಗೆ ಮೊದಲೇ ಫೋನ್ ಮಾಡಿ. 14 ಇಂಚು ಎಲ್ಲ ಕಡೆ ಕೈಗೆ ಸಿಗುತ್ತದೆ, ಈ ಸೈಜ್ ನನಗೆ ಪ್ರತಿ ಸಲ ಆರ್ಡರ್ ಕೊಟ್ಟು ತರಿಸಿಕೊಳ್ಳಬೇಕಾಗಿದೆ.