ಮನುಷ್ಯರಲ್ಲದ ಯಜಮಾನರು: ನಾನು ನೋಡಿದ ಮೂರು ಕೊರಿಯನ್ ಧಾರಾವಾಹಿಗಳು

ಕನ್ನಡದಲ್ಲಿ ‘ಯಜಮಾನರು’ ಎಂದರೆ ಸಂಬಳ ಕೊಡುವವರೂ ಹೌದು, ಕಟ್ಟಿಕೊಂಡ ಗಂಡನೂ ಹೌದು. ಕೆಲಸಕ್ಕಿಟ್ಟುಕೊಂಡವರ ಮೇಲೆ ಪ್ರೀತಿ ಹುಟ್ಟುವ ಕಥೆ ನೋಡುವಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ. ಹನ್ನೊಂದು ವರ್ಷಗಳಿಂದ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುತ್ತಿರುವವಳು ನಾನು. ಯಜಮಾನ ದೆವ್ವವೋ ಪಿಶಾಚಿಯೋ ಆಗಿರಲಿ, ಕೆಲಸದವರಿಗೆ ‘ಒಲ್ಲೆ’ ಎನ್ನುವ ದಾರಿ ಇದೆಯೇ ಎಂದು ಮೊದಲು ನೋಡುತ್ತೇನೆ. ಈ ಮಳೆಗಾಲದಲ್ಲಿ ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಕಂತಿನಂತೆ ಮೂರು ಧಾರಾವಾಹಿಗಳನ್ನು ನೋಡಿ ಮುಗಿಸಿದೆ.

ಮೊದಲನೆಯದು 2019ರ ‘ಹೋಟೆಲ್ ಡೆಲ್ ಲೂನಾ’, 16 ಕಂತು. ಸತ್ತವರು ಪರಲೋಕಕ್ಕೆ ಹೋಗುವ ಮುನ್ನ ತಂಗುವ ಹೋಟೆಲು ಅದು. ಒಡತಿ ಮಾನ್-ವೋಲ್ ಹಳೆಯ ಪಾಪವೊಂದರ ಫಲವಾಗಿ 1,300 ವರ್ಷಗಳಿಂದ ಅಲ್ಲಿಗೇ ಕಟ್ಟುಬಿದ್ದವಳು. ಗಾಯಕಿ ಐಯು ಆ ಪಾತ್ರದಲ್ಲಿ ಹೊಳೆಯುತ್ತಾರೆ. ಹೊರಗಿನ ವ್ಯವಹಾರ ನೋಡಿಕೊಳ್ಳಲು ಅವಳಿಗೆ ಜೀವಂತ ಮನುಷ್ಯನೇ ಮ್ಯಾನೇಜರ್ ಆಗಿ ಬೇಕು. ಹಾಗೆ ಬಂದವನು ಚಾನ್-ಸಂಗ್. ಅವನು ಮಗುವಾಗಿದ್ದಾಗಲೇ ತಂದೆ ಅವನನ್ನು ಒಪ್ಪಿಸುವುದಾಗಿ ಅವಳಿಗೆ ಮಾತು ಕೊಟ್ಟುಬಿಟ್ಟಿರುತ್ತಾನೆ. ಕೇಳದೆ ಕೊಟ್ಟ ಈ ಮಾತು, ಬೇಡವೆಂದರೂ ಅವನ ಕಣ್ಣಿಗೆ ದೆವ್ವ ಕಾಣುವಂತೆ ಮಾಡುವುದು, ಎರಡೂ ನನಗೆ ಸಿಟ್ಟು ತರಿಸಿದವು. ಆದರೆ ಅವನು ಬಗ್ಗುವ ಆಸಾಮಿಯಲ್ಲ. ಅವಳ ದುಂದುವೆಚ್ಚಕ್ಕೆ ಕಡಿವಾಣ ಹಾಕುತ್ತಾನೆ, ಕಾರುಗಳ ವಿಷಯದಲ್ಲಿ ಜಗಳಕ್ಕೆ ನಿಲ್ಲುತ್ತಾನೆ. ಒಲವು ಅಲ್ಲಿ ಲೆಕ್ಕದ ಪುಸ್ತಕದ ಮೂಲಕವೇ ಬೆಳೆಯುತ್ತದೆ. ಅವನಿಗಿಂತ ಮೊದಲಿದ್ದ ಮುದುಕ ಮ್ಯಾನೇಜರನ ಪಕ್ಕದಲ್ಲಿ ಅವಳು ನಿಲ್ಲುವ ದೃಶ್ಯಗಳನ್ನು ಗಮನಿಸಿ. ಯೌವನದಲ್ಲಿ ಸೇರಿದ ಅವನ ತಲೆ ನರೆತಿದೆ. ಅವಳ ಮುಖದಲ್ಲಿ ಒಂದು ಗೆರೆಯೂ ಇಲ್ಲ. ಎಷ್ಟು ಮ್ಯಾನೇಜರುಗಳನ್ನು ಹೀಗೆ ಕಳುಹಿಸಿಕೊಟ್ಟಿದ್ದಾಳೋ ಎಂದು ನೆನೆದಾಗ ಅವಳ ದರ್ಪದ ಹಿಂದಿನ ದಣಿವು ಕಾಣುತ್ತದೆ. ಹೋಟೆಲಿನ ಒಣಮರ ಚಿಗುರುವುದು ಅವಳ ಮನಸ್ಸು ಕರಗಿದಾಗ. ಆ ಮರ ಹೂ ಬಿಟ್ಟು ಉದುರಿದರೆ ಅವಳು ಹೊರಡಬೇಕು. ಅಂದರೆ ಅವನ ಪ್ರೀತಿ ಫಲಿಸಿದಷ್ಟೂ ಅವಳು ದೂರವಾಗುತ್ತಾಳೆ. ಅದನ್ನು ತಿಳಿದೂ ಅವನು ಕೆಲಸ ಬಿಡುವುದಿಲ್ಲ. ಕೊನೆಯ ಕಂತಿಗೆ ನಾನು ಬಹಳ ಅತ್ತೆ.

2013ರ ‘ಮಾಸ್ಟರ್ಸ್ ಸನ್’ 17 ಕಂತುಗಳದ್ದು. ಬರೆದವರು ‘ಹೋಟೆಲ್ ಡೆಲ್ ಲೂನಾ’ವನ್ನೂ ಬರೆದ ಹಾಂಗ್ ಸಹೋದರಿಯರು. ಇಲ್ಲಿ ಮಾಲ್‌ನ ಒಡೆಯ ಮನುಷ್ಯನೇ, ದೆವ್ವ ಕಾಣುವುದು ಕೆಲಸಕ್ಕೆ ಬಂದ ಹುಡುಗಿಗೆ. ಅವನನ್ನು ಮುಟ್ಟಿದರೆ ದೆವ್ವಗಳು ಮಾಯವಾಗುತ್ತವೆ, ಅದಕ್ಕೇ ಅವಳಿಗೆ ಅವನು ಬಾಂಬಿನಿಂದ ಕಾಪಾಡುವ ನೆಲಮಾಳಿಗೆಯಂತೆ. ಅವನಿಗೋ ಅವಳು ಸತ್ತ ಗೆಳತಿಯನ್ನು ಹುಡುಕಿಕೊಡುವ ರಾಡಾರ್. ಇಬ್ಬರಿಗೂ ಬೇಕಾದದ್ದು ಇದೆ ಎಂಬುದೇ ಈ ಕಥೆಯ ಬಲ. ಆದರೂ ಮಾತುಮಾತಿಗೆ ‘ತೊಲಗು’ ಎನ್ನುವ ಯಜಮಾನನನ್ನು ಮೊದಲ ನಾಲ್ಕು ಕಂತು ಸಹಿಸಲು ನನಗೆ ಕಷ್ಟವಾಯಿತು. ಕೊನೆಯಲ್ಲಿ ಅವಳು ಅವನ ಆಸರೆ ಬಿಟ್ಟು ಒಂದು ವರ್ಷ ದೂರ ಹೋಗಿ, ತನ್ನ ಕಾಲ ಮೇಲೆ ನಿಂತು ಮರಳುತ್ತಾಳೆ. ಹಿಂದೊಮ್ಮೆ ನಾನು ರಾಜೀನಾಮೆ ಪತ್ರವನ್ನು ಮೂರು ತಿಂಗಳು ಚೀಲದಲ್ಲೇ ಇಟ್ಟುಕೊಂಡು ಓಡಾಡಿದ್ದೆ. ಹಾಗಾಗಿ ಅವಳು ಹೊರಟ ಗಳಿಗೆಯ ಬೆಲೆ ನನಗೆ ಗೊತ್ತು.

‘ಮೈ ಡೀಮನ್’ (2023) ಬಗ್ಗೆ ಹೆಚ್ಚು ಹೇಳಲಾರೆ. ಇಲ್ಲಿ ಕಂಪನಿ ನಡೆಸುವವಳೇ ಹುಡುಗಿ, ಅಂಗರಕ್ಷಕನಾಗಿ ಬರುವವನು ಆತ್ಮಗಳನ್ನು ಹತ್ತು ವರ್ಷದ ಒಪ್ಪಂದಕ್ಕೆ ಕೊಳ್ಳುವ ಪಿಶಾಚಿ. ಅವನ ಶಕ್ತಿಯೆಲ್ಲ ಅವಳ ಮಣಿಕಟ್ಟಿನ ಹಚ್ಚೆಗೆ ಸೇರಿಬಿಡುತ್ತದೆ. ಶಕ್ತಿ ಬೇಕಾದಾಗ ಆ ಕೈ ಹಿಡಿಯಲೇಬೇಕು. ನೋಡಲು ಸೊಗಸು, ಆದರೆ ಕಚೇರಿ ಇಲ್ಲಿ ಬರೀ ಹಿನ್ನೆಲೆ.

ನಗುತ್ತಾ ನೋಡಲು ‘ಮಾಸ್ಟರ್ಸ್ ಸನ್’ ಸಾಕು. ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ‘ಹೋಟೆಲ್ ಡೆಲ್ ಲೂನಾ’ಕ್ಕೇ ಕೈ ಎತ್ತುತ್ತೇನೆ. ಪಕ್ಕದ ಮೇಜಿನ ಗೆಳತಿಗೂ ಅದನ್ನೇ ಹೇಳಿದೆ. ಮರ ಹೂ ಬಿಟ್ಟಿತೇ ಎಂದು ಈಗ ದಿನವೂ ಅವಳನ್ನು ಕೇಳುತ್ತಿದ್ದೇನೆ.